ಕಬ್ಬು ಬಾಯಿಬಿಟ್ಟರೆ ಆಮ್ಯಾಕೆ?

ಮಂಡ್ಯ

ಪ್ರಿಯ ಗೆಳತಿ,

ನಿನ್ನ ಅನಿಮೇಷನ್ ಸ್ಕ್ರಿಪ್ಟನ್ನು ಎರಡು ಸಲ ಓದಿದೆ. ಆಲೆಮನೆಯ ಗಾಣಕ್ಕೆ ಕೊಟ್ಟ ಕಬ್ಬು, ಗದ್ದೆಯಲ್ಲಿ ಕೇಳಿಸಿಕೊಂಡ ಗುಟ್ಟನ್ನೆಲ್ಲ ಹೇಳಿಬಿಡುತ್ತದೆ ಎಂಬ ಮೊದಲ ಪುಟ ಚಿನ್ನದಂಥದ್ದು. ಆದರೆ ಎರಡನೇ ಪುಟದಲ್ಲಿ ಮದ್ದೂರು ವಡೆ ಹಾರುತ್ತದೆ, ಮೂರರಲ್ಲಿ ಮೈಸೂರಿನ ದೊಡ್ಡ ಗಡಿಯಾರ ಅಳುತ್ತದೆ. ಏನು ಬೇಕಾದರೂ ಆಗುವ ಲೋಕದಲ್ಲಿ ಏನೇ ಆದರೂ ಅಚ್ಚರಿಯಿಲ್ಲ, ಅಚ್ಚರಿಯಿಲ್ಲದ ಕಡೆ ನಗು ಹುಟ್ಟುವುದಿಲ್ಲ. ವಡೆ, ಗಡಿಯಾರ ಎರಡನ್ನೂ ತೆಗೆ. ಕಬ್ಬೊಂದೇ ಸಾಕು.

ಈಗ ಅದರ ಲೆಕ್ಕ ಹಾಕು. ಕಬ್ಬು ಕಟಾವಿಗೆ ಬರಲು ಹತ್ತಿರಹತ್ತಿರ 12 ತಿಂಗಳು ಬೇಕು. ಹಾಗಾಗಿ ಹೊರಬೀಳುವ ಗುಟ್ಟು ಒಂದು ವರ್ಷದಷ್ಟು ಹಳೆಯದಿರಬಹುದು. ಬದುವಿನ ಮೇಲೆ ಕೂತು ‘ಅವನ ಸಾಲ ತೀರಿಸಲ್ಲ’ ಅಂದವನು ಅಷ್ಟರಲ್ಲಿ ಸಾಲ ಕೊಟ್ಟವನಿಗೇ ಬೀಗನಾಗಿರುತ್ತಾನೆ. ಊರು ಇದಕ್ಕೆ ಎಂದೋ ಒಗ್ಗಿಹೋಗಿರಬೇಕು. ಗಂಡ ಹೆಂಡಿರ ಜಗಳ ಭತ್ತದ ಗದ್ದೆಯಲ್ಲೇ. ಕದ್ದು ಸೇರುವ ಜೋಡಿ ರಾಗಿ ಹೊಲ ಹುಡುಕುತ್ತಾರೆ, ಅಲ್ಲಿ ಮರೆ ಸೊಂಟದ ಮಟ್ಟಕ್ಕಷ್ಟೆ. ಪಂಚಾಯಿತಿ ಕಚೇರಿ ಪಕ್ಕದ ಕಬ್ಬಿಗೆ ದರ ಜಾಸ್ತಿ.

ಗಾಣದ ದೃಶ್ಯವನ್ನು ಹತ್ತಿರದಿಂದ ಬರೆ. ಉರುಳೆಗಳ ನಡುವೆ ಸಿಕ್ಕಾಗ ಗಿಣ್ಣು ಚಟ್ ಎನ್ನುತ್ತದೆ, ಹಾಲು ಇಳಿಯುತ್ತದೆ. ಒಂದು ಗಿಣ್ಣಿಗೆ ಒಂದು ಮಾತು. ಬುಡದ ಗಿಣ್ಣು ಹಳೆಯದು, ತುದಿಯದು ಹೊಸದು. ಬುಡದ ಕಡೆಯಿಂದ ಕೊಟ್ಟರೆ ಕಥೆ ನಡೆದ ಕ್ರಮದಲ್ಲೇ ಬರುತ್ತದೆ, ತುದಿಯಿಂದ ಕೊಟ್ಟರೆ ತಿರುವುಮುರುವಾಗುತ್ತದೆ. ಒಬ್ಬರ ಮಾನ ಉಳಿಯುವುದೂ ಹೋಗುವುದೂ ಕಬ್ಬು ಕೊಡುವ ಆಳಿನ ಕೈಯಲ್ಲಿ! ಅವನು ಬೆಚ್ಚಬಾರದು. ಕೈ ನಿಲ್ಲಿಸದೆ ‘ಹೂಂ ಕಣಪ್ಪ, ಆಮ್ಯಾಕೆ?’ ಅನ್ನಬೇಕು. ಪಾತ್ರಗಳು ಕಣ್ಣರಳಿಸಿದರೆ ಲೋಕ ಸುಳ್ಳಾಗುತ್ತದೆ.

ಬೆಲ್ಲಕ್ಕೆ ಮಾತು ಕೊಡಬೇಡ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಬರುತ್ತದೆ. ಅದೂ ಮಾತಾಡಿದರೆ ಗುಟ್ಟು ಮನೆಮನೆಯ ಡಬ್ಬ ಸೇರಿ, ಆಲೆಮನೆಗೆ ಬಂದು ನಿಲ್ಲಲು ಯಾರಿಗೂ ಕಾರಣವಿರುವುದಿಲ್ಲ.

ನಾಲ್ಕನೇ ಪುಟದಲ್ಲಿ ಕೊಪ್ಪರಿಗೆಗೆ ಬಿದ್ದು ಸತ್ತವನು ಮುಂದಿನ ಕಂತಿನಲ್ಲಿ ಟೀ ಕುಡಿಯುತ್ತಾನೆ. ಇಂಥ ಹಾಸ್ಯದಲ್ಲಿ ಅದು ನಡೆಯುತ್ತದೆ, ಆದರೆ ಆಮೇಲೆ ಸಾವಿನ ಭಯದ ಮೇಲೆ ಒಂದು ದೃಶ್ಯವನ್ನೂ ಕಟ್ಟಲಾಗದು. ನಿನ್ನ ಲೋಕದಲ್ಲಿ ಜನ ಹೆದರುವುದು ಮಾನ ಹೋಗುವುದಕ್ಕೆ. ಹೋದ ಪ್ರಾಣ ಬೇಕಾದರೆ ಮರಳಲಿ, ಹೋದ ಮಾನ ಯಾವ ಕಂತಿನಲ್ಲೂ ಮರಳಕೂಡದು. ಯಾರ ಗುಟ್ಟು ಯಾರಿಗೆ ಗೊತ್ತಾಯಿತು ಎಂದು ಕಂತುವಾರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು.

ಅಳತೆಯೂ ಗೊತ್ತಿರಲಿ. 11 ನಿಮಿಷದ ಕಂತು ಅಂದರೆ ಸೆಕೆಂಡಿಗೆ 24ರಂತೆ 15,840 ಫ್ರೇಮು. ಒಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೂ 7,920 ಚಿತ್ರ. ಕಬ್ಬು ಗುಟ್ಟು ಹೇಳುತ್ತದೆ ಎಂಬ ನಿಯಮ ಮೊದಲ ಒಂದೂವರೆ ನಿಮಿಷದೊಳಗೆ ಕಣ್ಣಿಗೆ ಕಾಣಲಿ, ಬಾಯಲ್ಲಿ ವಿವರಿಸಬೇಡ. ಜಾತ್ರೆಯ ಗುಂಪನ್ನು ಕೈಬಿಡು, ಚಿತ್ರ ಬರೆಯುವವರ ಕೈ ಸೋಲುತ್ತದೆ.

ಒಂದು ಪ್ರಶ್ನೆ ಬಾಕಿ ಇದೆ: ಕಟಾವಾದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ಹಳೇ ಬೆಳೆಯ ನೆನಪು ಇರುತ್ತದೆಯೆ? ಇದ್ದರೆ ಹೆದರಿದವರೆಲ್ಲ ಬೇರು ಕಿತ್ತು, ಬಿತ್ತನೆಗೆ ದುಡ್ಡು ಸುರಿದು, ವರ್ಷವರ್ಷ ಹೊಸದಾಗಿ ನಾಟಿ ಮಾಡಬೇಕು. ಕೂಳೆ ಬೆಳೆಯಲು ಬಿಟ್ಟವನೊಬ್ಬನೇ ಊರಲ್ಲಿ ಭಯವಿಲ್ಲದವನು. ಅವನು ಯಾರು ಎಂದು ತೀರ್ಮಾನಿಸಿ, ಆಮೇಲೆ ಎರಡನೇ ಕರಡು ಕಳಿಸು.