ಬಲೆಯ ಅಣ್ಣನಿಗೆ, ಮತ್ತೆ ನಿಮಗೆಲ್ಲ

ಮಲ್ಪೆಯ ಹಂಚಿನ ಗೋದಾಮಿನಲ್ಲಿ ನಾವು ತೂಗುಹಾಕಿದ್ದ ಕಡಲು ನಿನ್ನೆಗೆ ಮುಗಿಯಿತು. ಜುಲೈ ಮಳೆಯಲ್ಲಿ ಯಾರಾದರೂ ಫೋಟೋ ಪ್ರದರ್ಶನ ಇಡುತ್ತಾರಾ ಎಂದು ಕೇಳಿದವರೇ ಹೆಚ್ಚು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿನವರು ಪುರುಸೊತ್ತಲ್ಲಿ ದಡದಲ್ಲಿ ಸಿಗುವುದು ಆಗಲೇ. ಅವರೇ ನೋಡದಿದ್ದರೆ ಕಡಲಿನ ಚಿತ್ರ ಯಾರಿಗೆ? ಅವರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಮರಳು ತುಳಿದು, ಕಡಲಿನ ಫೋಟೋ ಮೂಡಿಸಿ ಮಾಡಿನಿಂದ ನೆಲದವರೆಗೆ ಇಳಿಬಿಟ್ಟ ನೀಲಿ ಬಟ್ಟೆಗಳ ನಡುವೆ ನುಸುಳಿಕೊಂಡು ಹೋದರು. ಮರವಂತೆಯ ಚಿತ್ರದ ಎದುರು ಒಬ್ಬ ಅಜ್ಜ, "ಈಚೆ ಕಡಲು, ಆಚೆ ಸೌಪರ್ಣಿಕೆ. ಬಸ್ಸಲ್ಲಿ ಯಾವ ಬದಿ ಕೂರುದು ಅಂತ ಇವತ್ತಿಗೂ ಗೊತ್ತಾಗುದಿಲ್ಲ" ಎಂದರು.

ತಾರಸಿ ಬಿಟ್ಟುಕೊಟ್ಟ ಅತ್ತೆ, ಏಪ್ರಿಲ್ ಬಿಸಿಲಲ್ಲಿ ಬಟ್ಟೆ ತೊಳೆದು ಕೈ ನೀಲಿ ಮಾಡಿಕೊಂಡ ಹುಡುಗರು, ಅಲೆಯ ಸದ್ದು ಹಿಡಿದುಕೊಟ್ಟ ಗೆಳೆಯ, ಮರಳು ಹೊತ್ತವರು, ದುಡ್ಡು ಕೊಟ್ಟು ಲೆಕ್ಕ ಕೇಳದವರು, ಎಲ್ಲರಿಗೂ ನಮಸ್ಕಾರ. 1842ರಲ್ಲಿ ಈ ನೀಲಿ ಮುದ್ರಣ ಕಂಡುಹಿಡಿದ ಜಾನ್ ಹರ್ಷೆಲ್‌ಗೂ ಒಂದು ಇರಲಿ. ಬಟ್ಟೆಗೆ ಕಬ್ಬಿಣದ ಲವಣದ ದ್ರಾವಣ ಹಚ್ಚಿ, ಮೇಲೆ ನೆಗೆಟಿವ್ ಇಟ್ಟು, ಬಿಸಿಲು ಕಾಯಿಸಿ ನೀರಲ್ಲಿ ತೊಳೆದರೆ ಚಿತ್ರ. ಬಿಸಿಲಿಗೂ ನೀರಿಗೂ ನಮ್ಮಲ್ಲಿ ಬರವೆ?

ಇನ್ನು ಬಲೆಯ ಅಣ್ಣ. ಹೆಸರು ಹಾಕಿದರೆ ಜಾಗ್ರತೆ ಎಂದಿದ್ದಾರೆ, ಹಾಕುವುದಿಲ್ಲ.

ಉದ್ಘಾಟನೆಯ ಹಿಂದಿನ ರಾತ್ರಿಯ ಗಾಳಿಮಳೆಗೆ ಬಟ್ಟೆಗಳು ಕಳಚಿ ಬಿದ್ದ ಕತೆ ನಿಮಗೆ ಗೊತ್ತೇ ಇದೆ. ನಿಮ್ಮನ್ನೆಲ್ಲ ಮನೆಗೆ ಕಳಿಸಿದ ಮೇಲೆ ನಾನು ಆ ಒದ್ದೆ ಬಟ್ಟೆಯ ರಾಶಿಯ ಪಕ್ಕ ಸುಮ್ಮನೆ ಕೂತುಬಿಟ್ಟಿದ್ದೆ. ಪಕ್ಕದ ಶೆಡ್ಡಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಅಣ್ಣ ಟಾರ್ಚು ಹಿಡಿದು ಬಂದರು. "ಎಂತ ಮಾರಾಯಾ, ಕಡಲಿನ ಚಿತ್ರ ನೀರಿಗೆ ಹೆದರುದಾ?" ನಿಜ, ನೀರಿನಿಂದ ಬಣ್ಣಕ್ಕೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಗಾಳಿಯದು. ಅಣ್ಣ ಬಟ್ಟೆಯ ಅಂಚು ಬೆರಳಲ್ಲಿ ಹಿಡಿದು ನೋಡಿದರು, ಶೆಡ್ಡಿಗೆ ಹೋಗಿ ಒಂದು ಬಕೆಟ್ ಸೀಸದ ಮಣಿ ತಂದರು. ಬಲೆಯ ಅಡಿಗೆ ಪೋಣಿಸುವ ಅದೇ ಮಣಿ. ಗೇಣಿಗೊಂದರಂತೆ ಅಂಚಿಗೆ ಕಟ್ಟುತ್ತಾ ಹೋದರು. ಗಂಟು ಬಿಗಿದು ಹಲ್ಲಲ್ಲಿ ದಾರ ಕಡಿಯುವುದು, ಮುಂದಿನದು. ನಾನು ಒಂದು ಕಟ್ಟುವಷ್ಟರಲ್ಲಿ ಅವರದ್ದು ನಾಲ್ಕು. ಮೇಲೆ ತಂತಿ ತೆಗೆದು ಬಲೆಯ ಹಗ್ಗ ಎಳೆದರು. ಗಾಳಿ ಬಂದಾಗ ಬಟ್ಟೆ ಪಟಪಟ ಹೊಡೆದುಕೊಳ್ಳದೆ ನಿಧಾನ ಉಬ್ಬಿ, ನಿಧಾನ ಇಳಿಯಿತು. "ಆ ಅಲೆಯ ಐಡಿಯಾ ಸೂಪರ್" ಎಂದು ನೀವು ನನ್ನ ಬೆನ್ನು ತಟ್ಟಿದಿರಲ್ಲ, ಅದು ಅಣ್ಣನದು.

ನಸುಕಿನ ಹೊತ್ತಿಗೆ ಉಳ್ಳಾಲದ ಚಿತ್ರ ಕೈಗೆ ಬಂತು. ಕಡಲ್ಕೊರೆತಕ್ಕೆ ಅಡ್ಡ ಹಾಕಿದ ಬಂಡೆಗಳು, ನೀರಲ್ಲಿ ಬುಡ ಕಿತ್ತು ಬಿದ್ದ ತೆಂಗು. ಅಣ್ಣನ ಕೈ ನಿಂತಿತು. "ಇಲ್ಲಿ ನನ್ನ ಸೋದರಮಾವನ ಮನೆ ಇತ್ತು. ಸಣ್ಣವ ಇದ್ದಾಗ ರಜೆಗೆ ಹೋಗ್ತಿದ್ದೆ." ಅಷ್ಟೇ. ಬೆಳಕು ಚಂದ ಇದೆ ಎಂದು ನಾನು ತೆಗೆದ ಫೋಟೋ ಅದು. ನನಗೆ ಅಳು ತಡೆಯಲಾಗಲಿಲ್ಲ. ಅಣ್ಣ ಸಮಾಧಾನವನ್ನೇನೂ ಹೇಳಲಿಲ್ಲ, "ಆ ತುದಿ ಹಿಡಿ" ಎಂದರು. ಹಿಡಿದೆ. ಆರು ಗಂಟೆಗೆ ಅತ್ತಿಗೆ ಗಂಜಿ, ಬಂಗುಡೆ ಚಟ್ನಿ ಕಳಿಸಿದರು. ಇಬ್ಬರೂ ಮರಳ ಮೇಲೇ ಕೂತು ಉಂಡೆವು.

ಅಣ್ಣಾ, ನೀವು ಇದನ್ನು ಓದುವುದಿಲ್ಲ, ನಿಮ್ಮ ಮಗಳು ಓದಿ ಹೇಳುತ್ತಾಳೆ. ಕೂಲಿ ಎಂದರೆ ಬೈದಿರಿ, ಅದಕ್ಕೆ ಉಳ್ಳಾಲದ ಆ ಬಟ್ಟೆ ನಿಮ್ಮ ಮನೆಗೆ ಬರುತ್ತದೆ. ಬೇಡವೆಂದರೆ ಅತ್ತಿಗೆಯ ಕೈಗೆ ಕೊಡುತ್ತೇನೆ.

ಉಳಿದವರಿಗೆ ಒಂದು ಕೆಲಸ ಬಾಕಿ ಇದೆ. ಆಗಸ್ಟಿಗೆ ಬೋಟು ಇಳಿಯುವ ಮೊದಲು ಸೀಸದ ಮಣಿಗಳನ್ನೆಲ್ಲ ಬಿಚ್ಚಿ ಅಣ್ಣನ ಶೆಡ್ಡಿಗೆ ಮುಟ್ಟಿಸಬೇಕು. ಅವರ ಗಂಟು ನನ್ನ ಒಬ್ಬನ ಕೈಗೆ ಬಗ್ಗುವುದಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ, ಕತ್ತರಿ ತನ್ನಿ.