ಮಳೆ ಮಣ್ಣಿನ ವಾಸನೆ ಅಂದ್ರೆ ನೊಣಕ್ಕೆ ಆಗಲ್ಲ

ಸಂಪಾದಕರೇ, ನಮಸ್ಕಾರ.

ಹಣ್ಣಿನ ನೊಣ ಓಡಿಸೋ ಟಿಪ್ಸ್ ಹಾಕಿದ್ರಲ್ಲ, ಚೆನ್ನಾಗೇ ಇತ್ತು, ಆದ್ರೆ ಬ್ಯಾಕ್ಟೀರಿಯಾ ವಿಷಯಾನೇ ಬಿಟ್ಟುಬಿಟ್ಟಿದೀರಿ. ಕಳಿತ ಬಾಳೆಹಣ್ಣಿಗೆ ಮುತ್ತೋ ಪುಟಾಣಿ ನೊಣ, ಅದೇ ಡ್ರೊಸೊಫಿಲಾ, ಸಿಕ್ಕಸಿಕ್ಕಲ್ಲಿ ಮೊಟ್ಟೆ ಇಡಲ್ಲ. ಹಣ್ಣು ಹುಳಿ ಬಂದಾಗ ಯೀಸ್ಟ್ ಮಾಡಿದ ಆಲ್ಕೋಹಾಲ್‌ನ ಅಸಿಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಅಸಿಟಿಕ್ ಆಸಿಡ್ ಮಾಡತ್ತೆ, ಅಂದ್ರೆ ವಿನೆಗರ್‌ನಲ್ಲಿರೋ ಹುಳಿ, ಅದಿರೋ ಕಡೆ ಹೆಣ್ಣು ನೊಣ ಖುಷಿಯಾಗಿ ಮೊಟ್ಟೆ ಇಡತ್ತೆ, ಮರಿಗಳಿಗೆ ಊಟ ರೆಡಿ ಅಂತ ಲೆಕ್ಕ ಇರ್ಬೇಕು.

ಇದಕ್ಕಿಂತ ಮಜಾ ಅಂದ್ರೆ ಉಲ್ಟಾ ಕೇಸು. ಮೊದಲ ಮಳೆಗೆ ಬರೋ ಮಣ್ಣಿನ ಘಮ, ನಾವು ಮೂಗರಳಿಸಿಕೊಂಡು ನಿಲ್ತೀವಲ್ಲ, ಅದಕ್ಕೆ ಕಾರಣ ಸ್ಟ್ರೆಪ್ಟೊಮೈಸಿಸ್ ಥರದ ಬ್ಯಾಕ್ಟೀರಿಯಾ ಮಾಡೋ ಜಿಯೋಸ್ಮಿನ್ ಅನ್ನೋ ರಾಸಾಯನಿಕ. ಕೆಲವು ಬೂಷ್ಟೂ ಇದನ್ನ ಮಾಡತ್ತೆ. ನೊಣಕ್ಕೆ ಮಾತ್ರ ಇದು ಡೇಂಜರ್ ಸಿಗ್ನಲ್. ಜರ್ಮನಿಯ ಯೇನಾದಲ್ಲಿರೋ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2012ರಲ್ಲಿ ತೋರಿಸಿದ ಪ್ರಕಾರ ನೊಣದ ಆಂಟೆನಾದಲ್ಲಿ ಈ ಒಂದೇ ವಾಸನೆಗೆ ಅಂತಾನೇ ಓಆರ್56ಎ ಅನ್ನೋ ರಿಸೆಪ್ಟರ್, ಅಂದ್ರೆ ವಾಸನೆ ಹಿಡಿಯೋ ಪ್ರೋಟೀನ್, ಇದೆ, ಅದು ಆನ್ ಆಯ್ತೋ, ವಿನೆಗರ್ ಆಸೆನೂ ಬೇಡ ಮೊಟ್ಟೆನೂ ಬೇಡ ಅಂತ ದೂರ ಹೋಗತ್ತೆ.

ಅಂದಹಾಗೆ ಮಾವಿನೊಳಗೆ ಹುಳ ಬೀಳಿಸೋ ನೊಣ ಇದಲ್ಲ, ಅದು ಬ್ಯಾಕ್ಟ್ರೊಸೆರಾ, ಬೇರೆ ಕುಟುಂಬದ್ದು. ಎರಡನ್ನೂ ಒಂದೇ ಅಂತ ಹಾಕಿದೀರಿ, ದಯವಿಟ್ಟು ತಿದ್ದುಪಡಿ ಹಾಕಿ.

ಇಂತಿ, ನಿಮ್ಮ ಹಳೇ ಓದುಗ