ನಿಜಾಮರ ಹೆಸರು ಹೇಳಿದರೆ ಸಾಲದು, ಹೋಲಿಸಿ ನೋಡಬೇಕು

ಮಾನ್ಯ ಸಂಪಾದಕರೇ,

ಹೈದರಾಬಾದ್ ಸಂಸ್ಥಾನದ ವಿಮೋಚನೆಯ ದಿನವಾದ ಸೆಪ್ಟೆಂಬರ್ 17 ಪ್ರತಿ ವರ್ಷ ಸಮೀಪಿಸುತ್ತಿದ್ದಂತೆ ನಮ್ಮ ಕಲ್ಯಾಣ ಕರ್ನಾಟಕ ಭಾಗ ಹಿಂದುಳಿದದ್ದೇಕೆ ಎಂಬ ಲೇಖನಗಳು ಪತ್ರಿಕೆಗಳಲ್ಲಿ ಬರುತ್ತವೆ, ವೇದಿಕೆಗಳಲ್ಲಿ ಭಾಷಣಗಳಾಗುತ್ತವೆ. ಬಹುತೇಕ ಎಲ್ಲದರಲ್ಲೂ ಹೇಳುವ ಕಾರಣ ಒಂದೇ: ನಿಜಾಮರ ಆಳ್ವಿಕೆ. ನಿಜಾಮರ ಪರವಾಗಿದ್ದ ಖಾಸಗಿ ಪಡೆಯಾದ ರಜಾಕಾರರ ಹಾವಳಿಯನ್ನು ಕಣ್ಣಾರೆ ಕಂಡ ಹಿರಿಯರ ಮಾತು ಕೇಳುತ್ತ ಬೆಳೆದ ನಮ್ಮಂಥವರಿಗೆ ಇದು ಸಹಜವಾಗಿಯೇ ನಾಟುತ್ತದೆ. ಆದರೆ ಒಂದು ಆಳ್ವಿಕೆಯೇ ಕಾರಣವೆಂದು ಸಾಧಿಸಬೇಕಾದರೆ, ಉಳಿದೆಲ್ಲದರಲ್ಲಿ ಹೆಚ್ಚುಕಡಿಮೆ ಹಾಗೆಯೇ ಇದ್ದು ಆ ಆಳ್ವಿಕೆಗೆ ಮಾತ್ರ ಒಳಪಡದ ಪ್ರದೇಶವೊಂದನ್ನು ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1843ರಷ್ಟು ಹಿಂದೆಯೇ ವಿವರಿಸಿದ ಈ ಕ್ರಮವನ್ನು ರಾಜ್ಯಶಾಸ್ತ್ರದ ತರಗತಿಗಳಲ್ಲಿ ಪಾಠ ಮಾಡುತ್ತೇವೆ. ಉದಾಹರಣೆಗೆ ಮಾತ್ರ ಇಂಗ್ಲೆಂಡು, ಫ್ರಾನ್ಸುಗಳಿಗೆ ಹೋಗುತ್ತೇವೆ.

ಅಷ್ಟು ದೂರ ಹೋಗಬೇಕಿಲ್ಲ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ತುಂಗಭದ್ರೆಯೇ ಗಡಿಯಾಯಿತು. ಬಲದಂಡೆಯ ಕಂಪ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು, ಎಡದಂಡೆಯ ಚಿಕ್ಕಜಂತಕಲ್, ಗಂಗಾವತಿಗಳು ಹೈದರಾಬಾದ್ ಸಂಸ್ಥಾನದಲ್ಲಿ ಉಳಿದವು. ಮಳೆ ಒಂದೇ, ಮಾತು ಒಂದೇ, ಬೀಗತನ ಈ ದಂಡೆಗೂ ಆ ದಂಡೆಗೂ ಇದ್ದದ್ದೇ. (ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಬೀಗರು ಸುತ್ತಿ ಬಳಸಿ ಬರಬೇಕಾಗುತ್ತದೆ, ಅದು ಬೇರೆಯೇ ಒಂದು ಪತ್ರಕ್ಕಾಗುವ ವಿಷಯ.) ಬಲದಂಡೆಯಲ್ಲಿ ಥಾಮಸ್ ಮನ್ರೋ 1807ರವರೆಗೆ ಕಲೆಕ್ಟರನಾಗಿದ್ದು, ಪಾಳೆಯಗಾರರನ್ನು ಅಡಗಿಸಿ, ಕಂದಾಯವನ್ನು ನೇರವಾಗಿ ರೈತರ ಹೆಸರಿಗೆ ನಿಗದಿಪಡಿಸುವ ರೈತವಾರಿ ಪದ್ಧತಿಯನ್ನು ತಂದ. ಎಡದಂಡೆಯ ಸ್ಥಿತಿ ಇಷ್ಟು ಸರಳವಾಗಿಲ್ಲ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು, ಅಂದರೆ ಕಂದಾಯ ಎತ್ತಿಕೊಳ್ಳಲು ಆ ಮನೆತನಕ್ಕೆ ಬಿಟ್ಟುಕೊಟ್ಟ ಸೀಮೆ ಆಗಿತ್ತು. ಕೃಷ್ಣಾ, ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲೇ ಇದ್ದು ಮರಳಿ ಬಂದಿತು. ಸಂಸ್ಥಾನದ ನೇರ ಆಡಳಿತದಲ್ಲಿದ್ದ ದಿವಾನಿ ಪ್ರದೇಶಗಳಲ್ಲಿ ಮೊದಲನೇ ಸಾಲಾರ್ ಜಂಗ್ ದಿವಾನರಾಗಿದ್ದಾಗಲೇ ಮುಂಬಯಿ ಮಾದರಿಯ ರೈತವಾರಿ ಮೋಜಣಿ ಆರಂಭವಾಯಿತು. ಹೀಗಿರುವಾಗ ನಿಜಾಮರ ಆಳ್ವಿಕೆ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಯಾವ ಭಾಗ ಕಾರಣ ಎಂಬ ಪ್ರಶ್ನೆಯನ್ನಾದರೂ ಕೇಳಬೇಡವೇ?

ಇನ್ನು ಫಲಿತಾಂಶವನ್ನು ನೋಡೋಣ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ಕ್ಕಿಂತ ಕಡಿಮೆ. ಆದರೆ ಜಾಗೀರಿನ ಕೊಪ್ಪಳ ಸುಮಾರು ಶೇ 68, ಮನ್ರೋ ಆಳಿದ ಬಳ್ಳಾರಿ ಸುಮಾರು ಶೇ 67. ನಿಜಾಮರ ಸೀಮೆಯದೇ ಆದ ಬೀದರ್ ಶೇ 70ನ್ನು ದಾಟಿತ್ತು. ಕೊಳ್ಳೇಗಾಲದ ಕಡೆಯನ್ನು ಬಿಟ್ಟರೆ ಒಡೆಯರ ಆಳ್ವಿಕೆಯಲ್ಲಿದ್ದ ಚಾಮರಾಜನಗರ ಶೇ 61ರ ಆಸುಪಾಸಿನಲ್ಲಿತ್ತು. ಸಾಕ್ಷರತೆಯೊಂದೇ ಅಳತೆಗೋಲಲ್ಲ ಎಂಬುದು ನಿಜವಾದರೂ, ಒಂದೇ ಕಾರಣವನ್ನು ನೆಚ್ಚಿಕೊಂಡವರು ಈ ಸಂಖ್ಯೆಗಳಿಗೆ ಉತ್ತರ ಕೊಡಲೇಬೇಕು. ರೈತವಾರಿ ಪದ್ಧತಿಯ ಬಳ್ಳಾರಿಯೇ 1876–78ರ ಬರಗಾಲದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದಾಗಿತ್ತು. ಅರ್ಥಶಾಸ್ತ್ರಜ್ಞೆ ಲಕ್ಷ್ಮಿ ಅಯ್ಯರ್ 2010ರಲ್ಲಿ ಪ್ರಕಟಿಸಿದ ಅಧ್ಯಯನವಂತೂ, ಬ್ರಿಟಿಷರು ಒಳ್ಳೆಯ ನೆಲವನ್ನೇ ಆರಿಸಿ ವಶಪಡಿಸಿಕೊಂಡರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅವರು ನೇರವಾಗಿ ಆಳಿದ ಜಿಲ್ಲೆಗಳಲ್ಲೇ ಸ್ವಾತಂತ್ರ್ಯಾನಂತರ ಶಾಲೆ, ಆಸ್ಪತ್ರೆ, ರಸ್ತೆಗಳು ಕಡಿಮೆ ಎಂದು ತೋರಿಸಿತು.

ಹೋಲಿಕೆಗೂ ಎಚ್ಚರ ಬೇಕು. 1951ರ ರಾಯಚೂರನ್ನೂ 2011ರ ರಾಯಚೂರನ್ನೂ ಒಂದೇ ಸಾಲಿನಲ್ಲಿಟ್ಟ ಪಟ್ಟಿಗಳನ್ನು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಬಹಳಷ್ಟು ನೋಡಿದ್ದೇನೆ. ನಡುವೆ ಗದ್ವಾಲ, ಆಲಂಪುರಗಳು ಆಂಧ್ರಕ್ಕೆ (ಈಗ ತೆಲಂಗಾಣ) ಹೋಗಿವೆ, 1997ರಲ್ಲಿ ಕೊಪ್ಪಳ ಬೇರೆಯಾಗಿದೆ. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ ಜಿಲ್ಲೆಯ ಬದಲು ತಾಲ್ಲೂಕನ್ನು, ಸಾಧ್ಯವಾದರೆ ಊರನ್ನೇ ಹಿಡಿದು ಹೋಲಿಸುವುದು ಮೇಲು. ಒಂದೇ ಸಂಸ್ಥಾನದಲ್ಲಿದ್ದ ಸಿಂಧನೂರು, ದೇವದುರ್ಗಗಳು ಇಂದು ಇಷ್ಟು ಬೇರೆಯಾಗಿ ಕಾಣುವುದರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಪಾಲೆಷ್ಟು, ಕಾಲುವೆಯ ಬೆನ್ನಿಗೇ ಬಂದ ಆಂಧ್ರದ ವಲಸೆ ರೈತರ ಕ್ಯಾಂಪುಗಳ ಪಾಲೆಷ್ಟು ಎಂದು ಆಗ ಕೇಳಬಹುದು. 1956ರ ನಂತರದ ನಮ್ಮದೇ ಸರ್ಕಾರಗಳ ಪಾಲನ್ನೂ ಕೇಳಬೇಕಾಗುತ್ತದೆ; ನಿಜಾಮರ ಮೇಲೆ ಹೊರೆ ಹೊರಿಸುವವರಿಗೆ ಇದು ಅಷ್ಟು ರುಚಿಸಲಾರದು. ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ಕಲಂ ಮದ್ರಾಸಿನಲ್ಲಿದ್ದ ಬಳ್ಳಾರಿಗೂ ಅನ್ವಯಿಸಿದ್ದು ಸರಿಯೇ, ಏಕೆಂದರೆ ಅಲ್ಲಿನ ಕೊರತೆಗಳು ಇಂದಿನವು; ಆದರೆ ಆ ಕಲಮಿನ ಬಗ್ಗೆ ಮಾತನಾಡುವಾಗ ಬಳ್ಳಾರಿಯನ್ನೂ ನಿಜಾಮರ ಲೆಕ್ಕಕ್ಕೆ ಸೇರಿಸಿಬಿಡುವುದು ಸರಿಯಲ್ಲ.

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಈಗ ವಿಶ್ವವಿದ್ಯಾಲಯಗಳಿವೆ. ಎರಡೂ ದಂಡೆಗಳ ಎದುರುಬದುರು ಊರುಗಳನ್ನು ಜೋಡಿಯಾಗಿ ಆರಿಸಿ, ಭೂಹಿಡುವಳಿ, ಶಾಲೆ, ಸಾಲ, ಪಂಚಾಯಿತಿ ಚುನಾವಣೆಗಳ ಚರಿತ್ರೆಯನ್ನು ಒಟ್ಟಾಗಿ ಬರೆಸುವ ಕೆಲಸವನ್ನು ಅವು ಹಂಚಿಕೊಳ್ಳಲಿ. ಎಡದಂಡೆಯ ಹಳೆಯ ಕಂದಾಯ ಕಾಗದಗಳು ಉರ್ದುವಿನಲ್ಲಿವೆ. ಜಮೀನಿನ ತಕರಾರು ಬಂದಾಗ ನಮ್ಮ ರೈತರು ಮಡಿಕೆ ಹರಿದ ಆ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಓದಿ ಹೇಳುವವರನ್ನು ಹುಡುಕುತ್ತ ಅಲೆಯುತ್ತಾರೆ, ಓದಬಲ್ಲ ವೃದ್ಧರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇತಿಹಾಸ ಮತ್ತು ರಾಜ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಗಳಿಗೆ ಕಂದಾಯ ಉರ್ದುವನ್ನು ಕಲಿಸುವ ಸಣ್ಣ ಕೋರ್ಸೊಂದನ್ನು ಬರುವ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ, ಗಂಗಾವತಿ, ಕೊಪ್ಪಳ ಜಿಲ್ಲೆ